ರಾಜಿ ಆಗಿದೆ ನಿಜ, ಕೇಸ್ ಇರಲಿಲ್ಲ ಅಂತ ಬರೀಬೇಡಿ

ಬಾಗಲಕೋಟೆ ನವನಗರದ ನನ್ನ ಆಫೀಸಿಗೆ ವರ್ಷಕ್ಕೆ ಎರಡು ಮೂರು ಸಲವಾದರೂ ಯಾರಾದರೊಬ್ಬ ಕುಸ್ತಿ ಕಲಿಸುವ ವಸ್ತಾದರು ಬರುತ್ತಾರೆ. ಜೊತೆಗೊಬ್ಬ ಪೈಲ್ವಾನ್ ಹುಡುಗ, ಬಾಗಿಲಲ್ಲೇ ನಿಂತಿರುತ್ತಾನೆ. "ವಕೀಲ್ರ, ಹುಡುಗ ಭಾಳ ಚಲೋ ಹಿಡೀತಾನ್ರಿ. ಆದ್ರ ಒಂದು ಕೇಸ್ ಐತಿ. ತಂಡಕ್ಕ ತಗೋಬೇಕೋ ಬ್ಯಾಡೋ?"

ಇದಕ್ಕೆ ವಕೀಲ ಬೇಕಿಲ್ಲ. ಯಾವ ಸೆಕ್ಷನ್, ಯಾರ ಮೇಲೆ, ಆಗ ಹುಡುಗನ ವಯಸ್ಸೆಷ್ಟು, ಇಷ್ಟು ನೋಡಿದರೆ ಸಾಕು. ಜಾತ್ರೆಯಲ್ಲಿ ಆದ ಹೊಡೆದಾಟಕ್ಕೆ ಯಾರ ಬದುಕನ್ನೂ ಮುಗಿಸಬಾರದು. ಹೆಣ್ಣುಮಕ್ಕಳ ಮೇಲೆ, ಸಣ್ಣ ಮಕ್ಕಳ ಮೇಲೆ ಕೈ ಮಾಡಿದ್ದು ಸಾಬೀತಾಗಿದ್ದರೆ ನಾನಂತೂ ಬೇಡ ಅಂತೀನಿ. ಗರಡಿಯಲ್ಲಿ ಅವನ ಪಕ್ಕ ಮಲಗೋದು ಹನ್ನೆರಡು ವರ್ಷದ ಹುಡುಗರು, ಅಲ್ವಾ?

ನನ್ನ ತಲೆ ಕೆಡಿಸೋದು ಬೇರೆಯೇ ಇದೆ. ಮುಧೋಳ ಕಡೆಯ ಒಬ್ಬ ಹುಡುಗನ ಮೇಲೆ ಐಪಿಸಿ 323, 504ರ ಕೇಸಿತ್ತು, ಅಂದರೆ ಹೊಡೆದದ್ದು, ಬೈದು ಕೆಣಕಿದ್ದು. ಹಿರಿಯರು ಕೂತು ಬಗೆಹರಿಸಿದರು, ಕೋರ್ಟಿನಲ್ಲೂ ರಾಜಿ ಆಯ್ತು. ಮುಂದೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಫಾರ್ಮಿನಲ್ಲಿ 'ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ?' ಅಂತ ಕೇಳಿದ್ದಕ್ಕೆ 'ಇಲ್ಲ' ಅಂತ ಬರೆದ. ಪೊಲೀಸ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದ, ನೌಕರಿ ಹೋಯ್ತು. "ರಾಜಿ ಆಗಿತ್ತಲ್ರೀ ಸರ?" ಅಂತ ಅಳುತ್ತಾ ಕೂತಿದ್ದ.

ರಾಜಿ ಅಂದರೆ ಬಿಡುಗಡೆ, ಅಷ್ಟೇ. ಕೇಸ್ ಮುಗಿಯಿತು ಅಂತ ಅರ್ಥ. ಕೇಸ್ ಹುಟ್ಟಿಯೇ ಇರಲಿಲ್ಲ ಅಂತ ಅಲ್ಲ. 'ಶಿಕ್ಷೆಯಾಗಿದೆಯೇ?' ಅಂತ ಕೇಳಿದ್ದರೆ 'ಇಲ್ಲ' ಸರಿ. 'ದಾಖಲಾಗಿತ್ತೇ?' ಅಂದರೆ 'ಹೌದು, ಬಿಡುಗಡೆಯಾಗಿದೆ' ಅಂತ ಬರೆದು ತೀರ್ಪಿನ ನಕಲು ಹಚ್ಚಬೇಕು. ಪ್ರಶ್ನೆಯನ್ನು ಎರಡು ಸಲ ಓದ್ರಪ್ಪಾ ಅಂತ ಹೇಳಿ ಹೇಳಿ ನನ್ನ ಗಂಟಲು ಬತ್ತಿದೆ.

2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಬಿಡಿಸಿ ಹೇಳಿದೆ. ಸಣ್ಣ ವಯಸ್ಸಿನ ಸಣ್ಣ ತಪ್ಪಾದರೆ, ಮುಚ್ಚಿಟ್ಟಿದ್ದನ್ನೂ ನೌಕರಿ ಕೊಡುವವರು ಮನ್ನಿಸಬಹುದು. ಆದರೆ ಅದು ಅವರ ವಿವೇಚನೆ. ನಿಜ ಹೇಳಿದವನಿಗೂ ನೌಕರಿ ಕೊಡಲೇಬೇಕು ಅಂತೇನಿಲ್ಲ. ಹಾಗಾಗಿ ನಾನು ಯಾರಿಗೂ ಖಾತ್ರಿ ಕೊಡಲ್ಲ.

ಹದಿನೆಂಟು ತುಂಬುವ ಮೊದಲಿನ ಕೇಸಿನ ದಾರಿಯೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 24ರ ಪ್ರಕಾರ ಅದು ಅನರ್ಹತೆ ಆಗಲ್ಲ. ಹದಿನಾರು ದಾಟಿ, ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆ ನಡೆದಿದ್ದರೆ ಮಾತ್ರ ಬೇರೆ. ಅಂಥ ಫಾರ್ಮನ್ನು ವಕೀಲರಿಗೆ ತೋರಿಸದೆ ತುಂಬಬೇಡಿ.

ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ 2007ರಲ್ಲಿ ನಾಯಿ ಕಾದಾಟದ ಕೇಸಿನಲ್ಲಿ ಜೈಲಿಗೆ ಹೋದ. ಈ ಕಥೆ ಹೇಳಿದರೆ ಮುಧೋಳ ನಾಯಿ ಸಾಕುವ ನಮ್ಮ ಜನ ಕೆಂಡವಾಗ್ತಾರೆ. 2009ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವನನ್ನು ತಗೊಂಡಿತು. ಸರಿಯೋ ತಪ್ಪೋ ಅಂತ ಅಲ್ಲಿ ಜಗಳವಾಯ್ತು. ಆದರೆ ಏನಾಗಿತ್ತು ಅನ್ನೋದು ಎಲ್ಲರಿಗೂ ಗೊತ್ತಿತ್ತು. ತಂಡ ಕಣ್ಣು ತೆರೆದೇ ತಗೊಂಡಿತ್ತು.

ಮೊನ್ನೆ ಜಮಖಂಡಿಯಿಂದ ಇನ್ನೊಬ್ಬ ವಸ್ತಾದರ ಫೋನು. "ಕೇಸ್ ಸಣ್ಣದೈತ್ರಿ, ಬರೀದಿದ್ರ ನಡೀತೈತೇನ್ರಿ?"

ಫಾರ್ಮು, ಹುಡುಗ ಇಬ್ಬರನ್ನೂ ಕರ್ಕೊಂಡು ಬರ್ರಿ ಅಂದೆ. ಸೋಮವಾರ ಬರ್ತಾರಂತೆ.