ರೋಬೋಟಿಕ್ ಶಸ್ತ್ರಚಿಕಿತ್ಸೆ: ಕೈಚಳಕಕ್ಕೆ ನಿಮಿಷಗಳೇ ಅಳತೆಯಲ್ಲ

ಬೆಳಗಾವಿಯಲ್ಲಿ ನನ್ನ ಬಳಿ ರೋಬೋಟಿಕ್ ಶಸ್ತ್ರಚಿಕಿತ್ಸೆಯ ತರಬೇತಿಗೆ ಬರುವ ಯುವ ಸರ್ಜನ್‌ಗಳು, ಯಂತ್ರದ ಕೈಗಳನ್ನು ಕೂತಲ್ಲಿಂದಲೇ ಆಡಿಸುವ ಕನ್ಸೋಲಿನಿಂದ ಎದ್ದ ಕೂಡಲೇ ಹೇಳುವುದು ತಾವು ತೆಗೆದುಕೊಂಡ ಸಮಯವನ್ನು. "ಸರ್, ಈ ಸಲ ಆರ ಮಿನಿಟಿನ್ಯಾಗ ಮುಗಿಸೇನ್ರಿ" ಎಂದು ಅಥಣಿ ಕಡೆಯ ವೈದ್ಯರೊಬ್ಬರು ಈಚೆಗೆ ಹೇಳಿದಾಗ, ಸಿಲಿಕೋನ್ ಮಾದರಿಯ ಮೇಲೆ ಅವರು ಹಾಕಿದ ಹೊಲಿಗೆಯ ವಿಡಿಯೊವನ್ನು ಇಬ್ಬರೂ ಕೂತು ನೋಡಿದೆವು. ಸೂಜಿಯನ್ನು ಎಡಗೈಗೆ ದಾಟಿಸುವಾಗ ಎಡ ಉಪಕರಣದ ತುದಿ ದೃಶ್ಯದ ಆಚೆ ಇತ್ತು; ಕ್ಯಾಮೆರಾ ಸರಿಸದೆ, ಅಂದಾಜಿನ ಮೇಲೆಯೇ ಅವರು ಅದನ್ನು ಒಳಗೆ ಎಳೆದುಕೊಂಡಿದ್ದರು. ಗಂಟು ಬಿಗಿಯುವಾಗ ಸಿಲಿಕೋನ್ ಅಂಚು ಸೀಳಿತ್ತು. ನಿಜವಾದ ಹೊಟ್ಟೆಯೊಳಗೆ ಆ ಕಾಣದ ತುದಿಯ ಹಾದಿಯಲ್ಲಿ ಕರುಳು ಇರಬಹುದು.

ರೋಬೋಟಿಕ್ ಶಸ್ತ್ರಚಿಕಿತ್ಸೆಯ ಕೌಶಲವನ್ನು ಅಳೆಯಲು 2012ರಲ್ಲಿ ಪ್ರಕಟವಾದ ಗಿಯರ್ಸ್ (GEARS) ಮಾಪಕವನ್ನು ಹಲವು ದೇಶಗಳಲ್ಲಿ ಬಳಸುತ್ತಾರೆ. ಆಳದ ಅರಿವು, ಎರಡೂ ಕೈಗಳ ಹೊಂದಾಣಿಕೆ, ದಕ್ಷತೆ, ಬಲಪ್ರಯೋಗದ ಹಿಡಿತ, ಸ್ವಾವಲಂಬನೆ, ಯಂತ್ರದ ನಿಯಂತ್ರಣ ಎಂಬ ಆರು ಅಂಶಗಳಿಗೆ ತಲಾ 1ರಿಂದ 5 ಅಂಕ. ಇಲ್ಲಿ ದಕ್ಷತೆಯೆಂದರೆ ವೇಗವೆಂದು ಬಹುತೇಕರು ತಿಳಿಯುತ್ತಾರೆ. ಅದು ಹಾಗಲ್ಲ ಎಂದು ಎಷ್ಟು ಸಲ ಹೇಳಿದರೂ ನನಗೆ ಸಾಲದು. ನಿಧಾನವಾದರೂ ಯೋಜಿಸಿ, ಕ್ರಮಬದ್ಧವಾಗಿ ಕೈಯಾಡಿಸಿದವರಿಗೆ ಆ ಮಾಪಕದಲ್ಲಿ 3 ಅಂಕ ಸಿಗುತ್ತದೆ, ಅನಿಶ್ಚಿತವಾಗಿ ಅತ್ತಿತ್ತ ತಡಕಾಡುವವರಿಗೆ 1. ಪೂರ್ಣ 5 ಬೇಕಾದರೆ ಕೆಲಸ ಆತ್ಮವಿಶ್ವಾಸದಿಂದ ಸರಾಗವಾಗಿ ಸಾಗುವುದರ ಜೊತೆಗೆ ಸುರಕ್ಷಿತವೂ ಆಗಿರಬೇಕು. ನಿಮಿಷಗಳಿಗೆ ಅಲ್ಲಿ ಪ್ರತ್ಯೇಕ ಅಂಕವೇ ಇಲ್ಲ.

ಬಲಪ್ರಯೋಗಕ್ಕೆ ಪ್ರತ್ಯೇಕ ಅಂಕ ಇಟ್ಟಿರುವುದಕ್ಕೂ ಕಾರಣವಿದೆ. ಅಮೆರಿಕದಲ್ಲಿ 2024ರಲ್ಲಿ ಅನುಮತಿ ಪಡೆದ ಡಾವಿಂಚಿ 5 ಎಂಬ ಶಸ್ತ್ರಚಿಕಿತ್ಸಾ ರೋಬೋಟಿನ ಕೆಲವು ಉಪಕರಣಗಳು ಬಲದ ಅನುಭವವನ್ನು ಕೈಗೆ ಮುಟ್ಟಿಸುತ್ತವೆಯಾದರೂ, ಅದರ ಹಿಂದಿನ ಡಾವಿಂಚಿ ಯಂತ್ರಗಳಲ್ಲಿ ಆ ಸೌಲಭ್ಯವಿಲ್ಲ. ದಾರದ ಬಿಗುವನ್ನು, ಅಂಗಾಂಶ ಬಿಳುಚುವುದನ್ನು ಕಣ್ಣಿನಿಂದಲೇ ಗ್ರಹಿಸಬೇಕು. ಪದೇ ಪದೇ ದಾರ ಹರಿಯುವವರಿಗೆ ಇಲ್ಲಿ ಸಿಗುವುದು 1 ಮಾತ್ರ.

ಅಭ್ಯಾಸಕ್ಕೆಂದು ಶಸ್ತ್ರಚಿಕಿತ್ಸೆಯನ್ನು ಪರದೆಯ ಮೇಲೆ ಅನುಕರಿಸುವ ಸಿಮ್ಯುಲೇಟರ್ ತಾನಾಗಿ ಕೊಡುವ ಲೆಕ್ಕಗಳನ್ನು, ಅಂದರೆ ಉಪಕರಣ ಸಾಗಿದ ದೂರ, ಡಿಕ್ಕಿಗಳು, ತುದಿ ಮರೆಯಾದ ಅವಧಿ ಇವುಗಳನ್ನು, ನಾನು ಕಡೆಗಣಿಸುವುದಿಲ್ಲ. ಅವು ಯಾರ ಮುಖವನ್ನೂ ನೋಡುವುದಿಲ್ಲ. ಅಂಕ ಕೊಡುವ ನಾವು ನೋಡುತ್ತೇವೆ, ಅದರಲ್ಲೂ ಶ್ರದ್ಧೆಯಿಂದ ಕಲಿಯುವ ಮಕ್ಕಳ ಮೇಲೆ ಮಮತೆ ಬೆಳೆದ ಮೇಲೆ. ಆದ್ದರಿಂದಲೇ ಹೆಸರು ತೆಗೆದ ವಿಡಿಯೊಗೆ ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಡಬೇಕೆಂದು ಹಟ ಹಿಡಿಯುತ್ತೇನೆ. ಅಮೆರಿಕದ ಮಿಷಿಗನ್ನಿನಲ್ಲಿ 20 ಬೇರಿಯಾಟ್ರಿಕ್ (ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆಯ) ಸರ್ಜನ್‌ಗಳ ವಿಡಿಯೊಗಳಿಗೆ ಸಹೋದ್ಯೋಗಿಗಳು ಹೀಗೆಯೇ, ಹೆಸರು ತಿಳಿಯದೆ, ಅಂಕ ಕೊಟ್ಟಿದ್ದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅತಿ ಕಡಿಮೆ ಅಂಕದ ಗುಂಪಿನ ರೋಗಿಗಳಲ್ಲಿ 14.5% ಮಂದಿಗೆ ತೊಡಕುಗಳಾಗಿದ್ದವು, ಅತಿ ಹೆಚ್ಚು ಅಂಕದ ಗುಂಪಿನಲ್ಲಿ 5.2%. ಅವು ಲ್ಯಾಪರೋಸ್ಕೋಪಿಕ್, ಅಂದರೆ ಸಣ್ಣ ರಂಧ್ರಗಳ ಮೂಲಕ ಕೈಯಲ್ಲೇ ಹಿಡಿದ ಉಪಕರಣಗಳಿಂದ ಮಾಡಿದ ಶಸ್ತ್ರಚಿಕಿತ್ಸೆಗಳಾದ್ದರಿಂದ ಆ ಅಂಕಿಗಳನ್ನು ರೋಬೋಟಿಗೆ ಹಾಗೆಯೇ ಅನ್ವಯಿಸಲಾಗದು. ಎಲ್ಲಿ ಕತ್ತರಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ವಿವೇಚನೆಯನ್ನೂ ಗಿಯರ್ಸ್ ಮಾಪಕ ಅಳೆಯುವುದಿಲ್ಲ.

ಪ್ರಮಾಣಪತ್ರದಲ್ಲಿ ಒಟ್ಟು ಅಂಕವನ್ನಷ್ಟೇ ಬರೆದುಕೊಡಿ ಎಂದು ಆಸ್ಪತ್ರೆಗಳ ಆಡಳಿತದವರು ಕೇಳುತ್ತಾರೆ. ಒಟ್ಟು 30ಕ್ಕೆ 24 ಪಡೆದವರೂ ಬಲಪ್ರಯೋಗದಲ್ಲಿ 2 ಪಡೆದಿರಬಹುದು. ಆದ್ದರಿಂದ ಆರೂ ಅಂಕಗಳನ್ನು ಬಿಡಿಬಿಡಿಯಾಗಿ ಬರೆಯದೆ ನಾನು ಸಹಿ ಹಾಕುವುದಿಲ್ಲ.