ಖಾಲಿ ಸ್ಟೋರ್‌ನ ಚಾರ್ಜ್ ತೆಗೆದುಕೊಂಡವರು

ಸೇನೆಯ ಆರ್ಡ್ನೆನ್ಸ್ ಕೋರ್‌ನಲ್ಲಿ, ಅಂದರೆ ಮದ್ದುಗುಂಡು, ಸಾಮಾನು ಒದಗಿಸುವ ವಿಭಾಗದಲ್ಲಿ, ಕೆಲಸ ಮಾಡಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ಯುದ್ಧದ ಕಥೆ ಓದಿದರೂ ಮೊದಲು ಹುಡುಕುವುದು ಸ್ಟೋರ್‌ನಲ್ಲಿ ಏನು ಉಳಿದಿತ್ತು ಅಂತ. ಗುಂಡು ಎಷ್ಟು, ಬೂಟು ಎಷ್ಟು, ಟಯರು ಎಷ್ಟು. (ಅಕ್ಕಿ, ಡೀಸೆಲ್ ನಮ್ಮ ಖಾತೆಯಲ್ಲ, ಅದಕ್ಕೆ ಬೇರೆ ವಿಭಾಗ ಇದೆ.) ಅದಕ್ಕೇ ಇರಬೇಕು, ಬಯಾಫ್ರಾ ಅಂದಾಗ ಎಲ್ಲರೂ ಅದರ ನಾಯಕ ಒಜುಕ್ವು ಹೆಸರು ಹೇಳಿದರೆ ನನಗೆ ಫಿಲಿಪ್ ಎಫಿಯಾಂಗ್ ನೆನಪಾಗುತ್ತಾರೆ. ನೈಜೀರಿಯಾ ಸೇನೆಯಲ್ಲಿ ಅವರೂ ಆರ್ಡ್ನೆನ್ಸ್‌ನವರೇ.

1967ರ ಮೇ 30ರಂದು ಪೂರ್ವ ನೈಜೀರಿಯಾ ತಾನು ಬಯಾಫ್ರಾ ಎಂಬ ಬೇರೆ ದೇಶ ಅಂತ ಘೋಷಿಸಿಕೊಂಡಿತು. ಜುಲೈನಲ್ಲಿ ಯುದ್ಧ ಶುರು. ಬಯಾಫ್ರಾದಲ್ಲಿ ಇಗ್ಬೊ ಜನರೇ ಜಾಸ್ತಿ. ಎಫಿಯಾಂಗ್ ಇಬಿಬಿಯೊ ಎಂಬ ಬೇರೆ ಜನಾಂಗದವರು. ಆದರೂ ಒಜುಕ್ವು ನಂತರದ ಸ್ಥಾನ ಅವರದ್ದೇ ಆಗಿತ್ತು. 1968ರ ಮೇನಲ್ಲಿ ಪೋರ್ಟ್ ಹಾರ್ಕೋರ್ಟ್ ಬಿತ್ತು, ಸಮುದ್ರದ ದಾರಿ ಮುಚ್ಚಿತು. ಆಮೇಲೆ ಬರುವ ಆಹಾರ, ಮದ್ದುಗುಂಡು ಎಲ್ಲ ಹೆಚ್ಚಾಗಿ ಊಲಿಯಲ್ಲೇ ಇಳಿಯಬೇಕು, ಅದೂ ರಾತ್ರಿ ಹೊತ್ತು. ಊಲಿ ಅಂದರೆ ವಿಮಾನ ಇಳಿಯಲಿ ಅಂತ ಅಗಲ ಮಾಡಿದ ಒಂದು ರಸ್ತೆ, ಅಷ್ಟೇ. ಲಕ್ಷಗಟ್ಟಲೆ ಜನ ಸತ್ತರು, ಗುಂಡಿಗಿಂತ ಹಸಿವಿಗೆ.

ನಮ್ಮಲ್ಲಿ ಚಾರ್ಜ್ ಕೊಡುವಾಗ ಹಳಬ, ಹೊಸಬ ಇಬ್ಬರೂ ಸ್ಟೋರ್ ಒಳಗೆ ಹೋಗಿ ಲೆಜರ್ ಹಿಡಿದು ತಾಳೆ ನೋಡುತ್ತಾರೆ. ಕಡಿಮೆ ಬಿದ್ದದ್ದನ್ನು ಬರೆದು, ಇಬ್ಬರೂ ಸಹಿ ಹಾಕುತ್ತಾರೆ. 1970ರ ಜನವರಿಯಲ್ಲಿ ಒಜುಕ್ವು ಶಾಂತಿ ಹುಡುಕಲು ಹೊರಟೆ ಎಂದು ಹೇಳಿ ವಿಮಾನ ಹತ್ತಿದರು. ಹೋಗಿ ಸೇರಿದ್ದು ಐವರಿ ಕೋಸ್ಟ್. ಎಫಿಯಾಂಗ್ ಕೈಗೆ ಬಂದದ್ದು ಸ್ಟಾಕ್ ಇಲ್ಲದ ಲೆಜರ್.

ಅವರು ಸುಮ್ನೆ ಕೂರಲಿಲ್ಲ. ಜನವರಿ 12ರಂದು ರೇಡಿಯೊದಲ್ಲಿ ಮಾತಾಡಿದರು. ರಕ್ತಪಾತ ನಿಲ್ಲಬೇಕು, ಪಡೆಗಳು ಶಿಸ್ತಿನಿಂದ ಹಿಂದೆ ಸರಿಯಬೇಕು ಎಂದರು. ಒನಿಚಾ, ಒವೆರ್ರಿ, ಎನುಗು, ಕಲಬಾರ್ ಅಂತ ಊರುಗಳ ಹೆಸರು ಹೇಳಿ, ಅಲ್ಲಿನ ನೈಜೀರಿಯಾ ಕಮಾಂಡರ್‌ಗಳ ಬಳಿ ದೂತರನ್ನು ಕಳಿಸುವುದಾಗಿ ತಿಳಿಸಿದರು. ಸೋತ ಸೇನೆ ದಿಕ್ಕಾಪಾಲಾದರೆ ಕೊಲೆ ಇನ್ನೂ ಜಾಸ್ತಿ ಅಲ್ವಾ? ಇದು ಲೆಕ್ಕ ಬಲ್ಲವನ ಭಾಷಣ. ಲೆಜರ್‌ನಲ್ಲಿ 'ನಿಲ್', ಅಂದರೆ ಏನೂ ಇಲ್ಲ, ಅಂತ ಬರೆಯಲು ಎಷ್ಟು ಧೈರ್ಯ ಬೇಕು ಅಂತ ಬರೆದವನಿಗೇ ಗೊತ್ತು.

15ರಂದು ಲಾಗೋಸ್‌ನ ಡೊಡನ್ ಬ್ಯಾರಕ್ಸ್‌ನಲ್ಲಿ, ನೈಜೀರಿಯಾದ ಸೇನಾ ಸರ್ಕಾರದ ಮುಖ್ಯಸ್ಥ ಗೋವನ್ ಎದುರಿಗೆ, ಬಯಾಫ್ರಾ ಇನ್ನಿಲ್ಲ ಅಂತ ಓದಿ ಹೇಳಿದರು. ಅಲ್ಲಿ ತಮ್ಮನ್ನು ಅಧ್ಯಕ್ಷ ಎಂದು ಕರೆದುಕೊಳ್ಳಲಿಲ್ಲ. 'ಸರ್ಕಾರದ ಆಡಳಿತ ನೋಡಿಕೊಳ್ಳುವ ಅಧಿಕಾರಿ' ಎಂದರು. ಆ ಪದವಿಯಲ್ಲಿ ಅವರು ಇದ್ದದ್ದು ಒಂದು ವಾರದಷ್ಟು.

ಗೆದ್ದವರೂ ಇಲ್ಲ, ಸೋತವರೂ ಇಲ್ಲ ಎಂದು ಗೋವನ್ ಸಾರಿದರು. ಆದರೂ ಎಫಿಯಾಂಗ್ ಅವರನ್ನು ಸೇನೆಯಿಂದ ವಜಾ ಮಾಡಲಾಯಿತು. ಪಿಂಚಣಿ ಇಲ್ಲ. ದೇಶ ಬಿಟ್ಟು ಹೋಗಿದ್ದ ಒಜುಕ್ವುಗೆ 1982ರಲ್ಲೇ ಕ್ಷಮಾದಾನ ಸಿಕ್ಕಿತು. ಎಫಿಯಾಂಗ್ ವಜಾ ಆದೇಶ ನಿವೃತ್ತಿ ಎಂದು ಬದಲಾಗಿದ್ದು 2000ದಲ್ಲಿ. ಬದಲಿಸಿದವರು ಅಧ್ಯಕ್ಷ ಒಬಸಾಂಜೊ. 1970ರ ಆ ಜನವರಿಯಲ್ಲಿ ನೈಜೀರಿಯಾ ಕಡೆಯ ಡಿವಿಷನ್ ಕಮಾಂಡರ್ ಆಗಿ ಬಂದು ಎಫಿಯಾಂಗ್ ಅವರನ್ನು ಭೇಟಿಯಾಗಿದ್ದವರು ಇವರೇ. ಮೂರು ವರ್ಷದ ಬಳಿಕ, 2003ರಲ್ಲಿ, ಎಫಿಯಾಂಗ್ ತೀರಿಕೊಂಡರು.