ವಿಳಿಂಜಂನ ಅಲೆ ವಿದ್ಯುತ್ ನಿಂತದ್ದೇಕೆ?

ತಿರುವನಂತಪುರದ ಪಕ್ಕದ ವಿಳಿಂಜಂ ಮೀನುಗಾರಿಕೆ ಬಂದರಿನಲ್ಲಿ 1991ರಷ್ಟು ಹಿಂದೆಯೇ ಕಡಲ ಅಲೆಯಿಂದ ಕರೆಂಟ್ ತೆಗೆಯುತ್ತಿದ್ದರು. ಸಾಮರ್ಥ್ಯ 150 ಕಿಲೋವ್ಯಾಟ್. ಆಗ ಅಪರೂಪವಾಗಿದ್ದ ಸೌರಫಲಕ ಈಗ ಹಳ್ಳಿಮನೆಗಳ ಮಾಡಿನ ಮೇಲೂ ಕೂತಿದೆ. ವಿಳಿಂಜಂ ಘಟಕ 2011ರಲ್ಲಿ ಮುಚ್ಚಿತು. ಅಲೆಗೆ ಬಲ ಸಾಲದೆ ಹೀಗಾಯಿತು ಅಂದುಕೊಳ್ಳಬೇಡಿ. ಬಲವೇನೋ ಬೇಕಾದಷ್ಟಿತ್ತು, ಬೇಕಾದ ಹೊತ್ತಿಗೆ ಇರಲಿಲ್ಲ ಅಷ್ಟೆ.

1973ರ ತೈಲ ಬಿಕ್ಕಟ್ಟಿನ ಬೆನ್ನಿಗೇ ಎಡಿನ್‌ಬರೋದಲ್ಲಿ ಸ್ಟೀಫನ್ ಸಾಲ್ಟರ್ ಅಲೆಯ ಮೇಲೆ ತೊನೆಯುವ ‘ಬಾತುಕೋಳಿ’ ಯಂತ್ರದ ಕೆಲಸಕ್ಕಿಳಿದರು. ಜಪಾನಿನ ಯೋಶಿಯೊ ಮಸುದಾ ಅದಕ್ಕೂ ಮೊದಲೇ ಹಡಗುಗಳಿಗೆ ದಾರಿ ತೋರುವ ತೇಲುದೀಪಗಳನ್ನು ಅಲೆಯಿಂದಲೇ ಉರಿಸಿದ್ದರು. ಎಂಬತ್ತರ ದಶಕದಲ್ಲಿ ವಿಳಿಂಜಂ ಘಟಕಕ್ಕಾಗಿ ಮದ್ರಾಸ್ ಐಐಟಿ ಆರಿಸಿಕೊಂಡದ್ದು ಮಸುದಾ ದಾರಿಯನ್ನು.

ಉಪಾಯ ಸರಳ. ಟೊಳ್ಳು ಕಾಂಕ್ರೀಟ್ ಪೆಟ್ಟಿಗೆ. ಅದರ ಬಾಯಿ ನೀರಿನಡಿ. ಅಲೆ ಒಳನುಗ್ಗಿದರೆ ಮೇಲಿನ ಗಾಳಿ ಕೊಳವೆಯಿಂದ ಹೊರಕ್ಕೆ, ಅಲೆ ಇಳಿದರೆ ಒಳಕ್ಕೆ. ವಿಳಿಂಜಂನಲ್ಲಿ ಸುಮಾರು 3000 ಟನ್ ತೂಕದ ಅಂಥ ಪೆಟ್ಟಿಗೆಯನ್ನು ತೇಲಿಸಿ ತಂದು, ಬಂದರಿನ ತಡೆಗೋಡೆಯ (ಬ್ರೇಕ್‌ವಾಟರ್) ಬಳಿ ಸುಮಾರು 10 ಮೀಟರ್ ಆಳದಲ್ಲಿ ಕೂರಿಸಿದರು. ನೆತ್ತಿಯಲ್ಲಿ, ಆ ಗಾಳಿಗೆ ತಿರುಗಿ ಜನರೇಟರ್ ನಡೆಸುವ 2 ಮೀಟರ್ ವ್ಯಾಸದ ವೆಲ್ಸ್ ಟರ್ಬೈನ್.

ಬೆಲ್‌ಫಾಸ್ಟ್‌ನ ಅಲನ್ ವೆಲ್ಸ್ ಎಪ್ಪತ್ತರ ದಶಕದಲ್ಲಿ ರೂಪಿಸಿದ ಟರ್ಬೈನ್ ಅದು. ಎಲೆಗಳ ಎರಡೂ ಮೈ ಒಂದೇ ಆಕಾರ, ಹಾಗಾಗಿ ಗಾಳಿ ಯಾವ ಕಡೆಯಿಂದ ಬಂದರೂ ತಿರುಗುವ ದಿಕ್ಕು ಒಂದೇ. ಗಾಳಿಯ ದಿಕ್ಕು ಬದಲಿಸುವ ಕವಾಟಗಳೇ ಬೇಡ. ಉಪ್ಪುಗಾಳಿಯಲ್ಲಿ ಬೇಗ ಕಚ್ಚಿಕೊಳ್ಳುವ ಭಾಗ ಅದೇ ಆದ್ದರಿಂದ ಇದು ದೊಡ್ಡ ಲಾಭ. ಆದರೆ ಈ ಟರ್ಬೈನ್ ನಿಂತಲ್ಲಿಂದ ತಾನಾಗಿ ಏಳುವುದು ಕಷ್ಟ, ಮೊದಲು ಗ್ರಿಡ್ ಕರೆಂಟಿನಿಂದ ತಿರುಗಿಸಬೇಕು. ಗಾಳಿಯ ರಭಸ ಮಿತಿಮೀರಿದರೆ ಎಲೆಗಳು ಹಿಡಿತ ಕಳೆದುಕೊಂಡು, ಸದ್ದು ಹೆಚ್ಚಿ, ಉತ್ಪಾದನೆ ಕುಸಿಯುತ್ತದೆ.

ಇನ್ನೊಂದು ತೊಡಕು ಗ್ರಿಡ್‌ಗೆ ಜೋಡಿಸಿದ ಇಂಡಕ್ಷನ್ ಜನರೇಟರಿನದು. ವೇಗ ನಿಗದಿತ ಮಟ್ಟಕ್ಕಿಂತ ಇಳಿದರೆ ಅದು ಮೋಟಾರ್ ಆಗಿ ಗ್ರಿಡ್‌ನಿಂದಲೇ ಕರೆಂಟ್ ಎಳೆಯುತ್ತದೆ. ಹತ್ತು ಸೆಕೆಂಡಿನ ಒಂದು ಅಲೆಯಲ್ಲಿ ಗಾಳಿ ಎರಡು ಸಲ ಪೂರ್ತಿ ನಿಂತು ದಿಕ್ಕು ಬದಲಿಸುತ್ತದೆ. ಕಡಲು ಶಾಂತವಾಗಿರುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಟ್ಟದ್ದೆಷ್ಟು, ತೆಗೆದುಕೊಂಡದ್ದೆಷ್ಟು ಅಂತ ಲೆಕ್ಕ ಹಾಕುವ ಪರಿಸ್ಥಿತಿ.

ಅಲೆಯ ಲೆಕ್ಕವೇ ಹಾಗೆ. ಎತ್ತರದ ವರ್ಗವನ್ನು ಅವಧಿಯಿಂದ (ಒಂದು ಅಲೆಯ ಬೆನ್ನಿಗೆ ಇನ್ನೊಂದು ಬರಲು ಹಿಡಿಯುವ ಸೆಕೆಂಡುಗಳಿಂದ) ಗುಣಿಸಿ ಅರ್ಧ ಮಾಡಿದರೆ, ಆಳನೀರಿನಲ್ಲಿ ಮೀಟರ್ ಅಗಲಕ್ಕೆ ಎಷ್ಟು ಕಿಲೋವ್ಯಾಟ್ ಅಂತ ಅಂದಾಜು ಸಿಗುತ್ತದೆ. 1 ಮೀಟರ್ ಎತ್ತರ, 8 ಸೆಕೆಂಡ್: 4 ಕಿಲೋವ್ಯಾಟ್. 2 ಮೀಟರ್, 9 ಸೆಕೆಂಡ್: 18. ಬಿರುಗಾಳಿಯ 6 ಮೀಟರ್, 11 ಸೆಕೆಂಡ್: ಹೆಚ್ಚುಕಡಿಮೆ 200. ಆದಾಯ ಮೊದಲೆರಡರಿಂದ ಬರಬೇಕು, ಕಟ್ಟಡ ಮಾತ್ರ ಕೊನೆಯದನ್ನು ತಾಳಬೇಕು. ನಮ್ಮ ಕರಾವಳಿಯಲ್ಲೂ ಇದೇ ಕಥೆ: ಮುಂಗಾರಿನಲ್ಲಿ ದೋಣಿ ಇಳಿಸಲಾಗದ ಅಬ್ಬರ, ಆಮೇಲೆ ತಿಂಗಳುಗಟ್ಟಲೆ ಸಪ್ಪೆ.

ಹೊರದೇಶಗಳ ಅನುಭವವೂ ಬೇರೆಯಲ್ಲ. ನಾರ್ವೆಯ ಘಟಕ 1988ರ ಬಿರುಗಾಳಿಗೆ ಹೋಯಿತು. ಪೋರ್ಚುಗಲ್ ಕಡಲಿಗೆ 2008ರಲ್ಲಿ ಇಳಿದ, ಹಾವಿನಂತೆ ಅಲೆಯ ಮೇಲೆ ತೇಲುವ ಮೂರು ‘ಪೆಲಾಮಿಸ್’ ಯಂತ್ರಗಳು ಬೇರಿಂಗ್ ತೊಂದರೆಯಿಂದ ಕೆಲವೇ ತಿಂಗಳಲ್ಲಿ ದಡ ಸೇರಿದವು. ಬಾಳಿದ್ದು ಸ್ಪೇನಿನ ಮುತ್ರಿಕು ಬಂದರಿನ ಘಟಕ, 2011ರದು. ಬಂದರಿಗೆ ಹೇಗೂ ಬೇಕಿದ್ದ ತಡೆಗೋಡೆಯೊಳಗೇ 16 ಪುಟ್ಟ ಟರ್ಬೈನ್ ಕೂರಿಸಿದ್ದರಿಂದ ಗೋಡೆಯ ಖರ್ಚು ಕರೆಂಟಿನ ತಲೆಗೆ ಬೀಳಲಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಜಾಣ ಲೆಕ್ಕಾಚಾರ ಈ ಕ್ಷೇತ್ರದಲ್ಲಿ ಇನ್ನೂ ಬಂದಿಲ್ಲ.

ವಿಳಿಂಜಂನಲ್ಲಿ ಕಡೆಗೆ ಗ್ರಿಡ್ಡಿನ ಹಂಗು ಬಿಟ್ಟು, ವೇಗ ಹೇಗೆ ಬದಲಾದರೂ ನಡೆಯುವ ಜನರೇಟರ್ ಮತ್ತು ಬ್ಯಾಟರಿ ಜೋಡಿಸಿ, ದಿನಕ್ಕೆ 10,000 ಲೀಟರ್ ಸಿಹಿನೀರು ಮಾಡುವ ಘಟಕ ನಡೆಸಿದರು. 2022ರ ನವೆಂಬರ್‌ನಲ್ಲಿ ಅದೇ ಐಐಟಿ ತೂತ್ತುಕುಡಿಯಿಂದ 6 ಕಿಲೋಮೀಟರ್ ದೂರದ ಕಡಲಲ್ಲಿ ‘ಸಿಂಧುಜಾ-1’ ಎಂಬ ಅಲೆ ವಿದ್ಯುತ್ ಯಂತ್ರವನ್ನು ಪರೀಕ್ಷಿಸಿತು. ಅದರ ಉತ್ಪಾದನೆ ಬರೀ 100 ವ್ಯಾಟ್. ನಡುಗಡಲಿನ ಅಳತೆ ಉಪಕರಣಗಳಿಗೆ ಅಷ್ಟಿದ್ದರೂ ಬೆಲೆಯಿದೆ: ಅಲ್ಲಿ ಅಲೆ ಪೈಪೋಟಿ ಮಾಡಬೇಕಾದದ್ದು ದಡದ ಅಗ್ಗದ ಸೌರ ವಿದ್ಯುತ್ತಿನ ಜೊತೆಗಲ್ಲ, ಬ್ಯಾಟರಿ ಬದಲಿಸಲು ಹೋಗುವ ದೋಣಿಯ ಬಾಡಿಗೆಯ ಜೊತೆಗೆ.